ಬೈಕಿನ ಇಂಜಿನ್ ಆಯಿಲ್: ಕಡ್ಡಿಯೋ ಕಿಟಕಿಯೋ, ಟಾಪ್‌ಅಪ್ಪೋ ಚೇಂಜೋ, ಮಿನರಲ್ಲೋ ಸಿಂಥೆಟಿಕ್ಕೋ?

ಬೈಕ್ ಇಟ್ಟುಕೊಂಡವರು ಆಯಿಲ್ ಬಗ್ಗೆ ಕೇಳುವ ಮೊದಲ ಪ್ರಶ್ನೆ, "ಯಾವ ಆಯಿಲ್ ಹಾಕಿಸಲಿ?" ಕಚ್ಚಾ ತೈಲವನ್ನು ಶುದ್ಧ ಮಾಡಿ ತೆಗೆದ ಮಿನರಲ್ ಸಾಕಾ, ಕಾರ್ಖಾನೆಯಲ್ಲಿ ಇನ್ನೂ ಹೆಚ್ಚು ಸಂಸ್ಕರಿಸಿ ತಯಾರಿಸಿದ ಸಿಂಥೆಟಿಕ್ ಬೇಕಾ, ಯಾವ ಕಂಪನಿಯದು ಒಳ್ಳೆಯದು? ಇದರ ಮೇಲೆ ಗಂಟೆಗಟ್ಟಲೆ ವಾದ ನಡೆಯುತ್ತದೆ. "ಈಗ ಇಂಜಿನ್ ಒಳಗೆ ಆಯಿಲ್ ಎಷ್ಟಿದೆ?" ಎಂದು ಕೇಳುವವರು ಕಡಿಮೆ. ಇಂಜಿನ್ ಒಳಗೆ ಕಚ್ಚಿಕೊಂಡು ಸೀಜ್ ಆಗಿ, ಗ್ಯಾರೇಜಿಗೆ ತಳ್ಳಿಕೊಂಡು ಬಂದ ಗಾಡಿಯ ಕಥೆ ಕೇಳಿ ನೋಡಿ. ಬ್ರ್ಯಾಂಡ್ ತಪ್ಪಾಗಿ ಇಂಜಿನ್ ಹೋಯಿತು ಅನ್ನುವವರು ಸಿಗುವುದು ಕಷ್ಟ. ಆಯಿಲ್ ಇಳಿದಿದ್ದು ಗೊತ್ತೇ ಆಗಲಿಲ್ಲ ಅನ್ನುವವರು ಸಿಗುತ್ತಾರೆ.

ಹಾಗಾಗಿ ಇಲ್ಲಿ ಎಲ್ಲ ಆಯ್ಕೆಗಳನ್ನೂ ಪಕ್ಕಪಕ್ಕ ಇಟ್ಟು ನೋಡೋಣ, ಆದರೆ ಮಟ್ಟದಿಂದಲೇ ಶುರು ಮಾಡೋಣ. ಸರಿಯಾದ ಮಟ್ಟದಲ್ಲಿರುವ ಸಾಧಾರಣ ಆಯಿಲ್, ಅರ್ಧಕ್ಕೆ ಇಳಿದ ದುಬಾರಿ ಆಯಿಲ್‌ಗಿಂತ ಎಷ್ಟೋ ಮೇಲು.

ಕಾರಣ ಸರಳ. ಸ್ಪ್ಲೆಂಡರ್‌ನಂಥ 100 ಸಿಸಿ ಗಾಡಿಯಲ್ಲಿ ಇರುವ ಆಯಿಲ್ ಒಂದು ಲೀಟರ್‌ಗೂ ಕಡಿಮೆ. ಕಾರಿನಲ್ಲಿ ಮೂರು, ನಾಲ್ಕು ಲೀಟರ್ ಇರುತ್ತದೆ. ಕಾರಿನಲ್ಲಿ 200 ಮಿ.ಲೀ. ಕಡಿಮೆಯಾದರೆ ದೊಡ್ಡ ಸುದ್ದಿಯಲ್ಲ. 900 ಮಿ.ಲೀ. ಹಿಡಿಯುವ ಬೈಕಿನಲ್ಲಿ ಅದೇ 200 ಹೋದರೆ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೋದಂತೆ. ಇನ್ನೊಂದು ವಿಷಯ. ಕಾರಿನ ಗೇರ್‌ಬಾಕ್ಸಿಗೆ ಬೇರೆ ಆಯಿಲ್ ಇರುತ್ತದೆ. ನಮ್ಮ ಬಹುತೇಕ ಬೈಕುಗಳಲ್ಲಿ ಪಿಸ್ಟನ್, ಕ್ಯಾಮ್, ಗೇರ್, ಕ್ಲಚ್ ಎಲ್ಲಕ್ಕೂ ಅದೇ ಒಂದು ಲೀಟರ್. ಗಾಳಿಯಿಂದ ತಣ್ಣಗಾಗುವ ಇಂಜಿನ್‌ನಲ್ಲಿ ಒಳಗಿನ ಬಿಸಿಯನ್ನು ಹೊರಗೆ ಸಾಗಿಸುವ ಕೆಲಸವೂ ಅದರದ್ದೇ.

ಮೀಟರ್‌ನಲ್ಲಿ ದೀಪ ಬರುತ್ತದಲ್ವಾ ಎಂದು ನಂಬಬೇಡಿ. ಸಾಮಾನ್ಯ 100–125 ಸಿಸಿ ಗಾಡಿಗಳಲ್ಲಿ ಆಯಿಲ್ ಇಳಿದರೆ ಹೊತ್ತುವ ದೀಪವೇ ಇಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್‌6 ಹೊಗೆ ನಿಯಮ ಬಂದ ಮೇಲೆ ಮೀಟರ್‌ನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಎಲ್ಲ ಕಡೆ ಕಾಣುತ್ತದೆ. ಅದು ಫ್ಯೂಯಲ್ ಇಂಜೆಕ್ಷನ್, ಸೆನ್ಸರ್‌ಗಳ ದೋಷ ಹೇಳುವ ದೀಪ. ಆಯಿಲ್ ಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ದೊಡ್ಡ ಬೈಕುಗಳಲ್ಲಿ ಎಣ್ಣೆ ಕ್ಯಾನಿನ ಚಿತ್ರದ ಕೆಂಪು ದೀಪ ಇರುತ್ತದೆ, ಸರಿ. ಆದರೆ ಅದು ಒತ್ತಡದ ದೀಪ, ಮಟ್ಟದ್ದಲ್ಲ. ಪಂಪಿಗೆ ಆಯಿಲ್ ಸಿಗದೇ ಹೋದ ಮೇಲೆ ಹೊತ್ತುತ್ತದೆ. ಅಷ್ಟರಲ್ಲಿ ತಡವಾಗಿರುತ್ತದೆ. ಓಡುವಾಗ ಅದು ಹೊತ್ತಿದರೆ ಮುಂದಿನ ಬಂಕ್‌ವರೆಗೆ ಹೋಗೋಣ ಅನ್ನಬೇಡಿ. ಅಲ್ಲೇ ಇಂಜಿನ್ ಆಫ್ ಮಾಡಿ.

ಕಡ್ಡಿ ಮತ್ತು ಕಿಟಕಿ

ಮಟ್ಟ ನೋಡಲು ಬೈಕುಗಳಲ್ಲಿ ಎರಡು ವ್ಯವಸ್ಥೆ. ಸ್ಪ್ಲೆಂಡರ್, ಶೈನ್ ಥರದ ಗಾಡಿಗಳಲ್ಲಿ ಆಯಿಲ್ ಹಾಕುವ ಮುಚ್ಚಳಕ್ಕೇ ಅಂಟಿಕೊಂಡ ಡಿಪ್‌ಸ್ಟಿಕ್, ಅಂದರೆ ಕಡ್ಡಿ. ಪಲ್ಸರ್ 150, ಡ್ಯೂಕ್, ಈಗಿನ ಬುಲೆಟ್ ಮತ್ತು ಕ್ಲಾಸಿಕ್‌ಗಳಲ್ಲಿ ಇಂಜಿನ್‌ನ ಬಲಗಡೆ ಗಾಜಿನ ಪುಟ್ಟ ಕಿಟಕಿ.

ಮೊದಲು ಕಡ್ಡಿ. ಇಂಜಿನ್ ಮೂರು ನಿಮಿಷ ಐಡ್ಲಿಂಗ್‌ನಲ್ಲಿ ಓಡಲಿ. ಆಫ್ ಮಾಡಿ, ಎರಡು ಮೂರು ನಿಮಿಷ ಸುಮ್ನೆ ಬಿಡಿ. ಮೇಲೆ ಹೋದ ಆಯಿಲ್ ಕೆಳಗೆ ಇಳಿಯಲು ಅಷ್ಟು ಹೊತ್ತು ಬೇಕು. ಗಾಡಿ ಸಮತಟ್ಟಾದ ನೆಲದಲ್ಲಿ, ಮೇನ್ ಸ್ಟ್ಯಾಂಡ್ ಮೇಲೆ ಇರಲಿ. ಮುಚ್ಚಳ ಬಿಚ್ಚುವ ಮೊದಲು ಅದರ ಸುತ್ತಲಿನ ಧೂಳು ಒರೆಸಿ. ಇಲ್ಲದಿದ್ದರೆ ಆ ಮಣ್ಣು ನೇರ ಒಳಗೆ ಬೀಳುತ್ತದೆ. ಕಡ್ಡಿ ತೆಗೆದು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಳಗಿಡಿ.

ಇಲ್ಲೇ ಜನ ಎಡವುವುದು. ಹೀರೋ, ಹೋಂಡಾದ ಸಾಮಾನ್ಯ ಬೈಕುಗಳಲ್ಲಿ ಕಡ್ಡಿಯನ್ನು ಅಳೆಯುವಾಗ ತಿರುಗಿಸಿ ಬಿಗಿ ಮಾಡಬಾರದು. ಮುಚ್ಚಳದ ಥ್ರೆಡ್ ತೂತಿನ ಬಾಯಿ ಮೇಲೆ ಕೂತರೆ ಸಾಕು. ಬಿಗಿ ಮಾಡಿದರೆ ಕಡ್ಡಿ ಇನ್ನೂ ಕೆಳಗೆ ಇಳಿದು ಜಾಸ್ತಿ ಆಯಿಲ್ ಅಂಟಿಸಿಕೊಂಡು ಬರುತ್ತದೆ. ಮೇಲಿನ ಗೆರೆಯಲ್ಲಿದೆ ಎಂದು ನೀವು ಖುಷಿಪಡುತ್ತೀರಿ, ನಿಜವಾಗಿ ಕೆಳಗಿನ ಗೆರೆಯ ಹತ್ತಿರ ಇರಬಹುದು. ಕೆಲವು ಮಾಡೆಲ್‌ಗಳಲ್ಲಿ ಬಿಗಿ ಮಾಡಿಯೇ ಅಳೆಯಬೇಕು. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇದಕ್ಕೆ ಒಂದೇ ಸಾಲು ಇರುತ್ತದೆ. ಅದನ್ನು ಒಮ್ಮೆ ಓದಿಕೊಂಡರೆ ಗಾಡಿ ಇರುವಷ್ಟು ದಿನಕ್ಕೂ ಸಾಕು.

ಕಡ್ಡಿ ಹೊರಗೆ ತೆಗೆದ ಮೇಲೆ ತುದಿ ಕೆಳಗೇ ಇರಲಿ. ಮೇಲೆ ಎತ್ತಿ ಹಿಡಿದರೆ ಆಯಿಲ್ ಹಿಂದಕ್ಕೆ ಹರಿದು ಲೆಕ್ಕ ತಪ್ಪುತ್ತದೆ. ಹೊಸ ಆಯಿಲ್ ಎಷ್ಟು ತಿಳಿಯಾಗಿರುತ್ತದೆ ಅಂದರೆ ಗೆರೆ ಕಾಣುವುದೇ ಕಷ್ಟ. ಬೆಳಕಿಗೆ ಸ್ವಲ್ಪ ಓರೆ ಮಾಡಿ ಹಿಡಿದರೆ ಒದ್ದೆ ಭಾಗ ಮಿರುಗುತ್ತದೆ, ಒಣ ಭಾಗ ಮಂಕಾಗಿರುತ್ತದೆ. ಆ ಎರಡೂ ಸೇರುವ ಜಾಗವೇ ಮಟ್ಟ. ಕಡ್ಡಿಯ ಒಂದು ಬದಿಯಲ್ಲಿ ಮೇಲೆ, ಇನ್ನೊಂದು ಬದಿಯಲ್ಲಿ ಕೆಳಗೆ ಕಂಡರೆ ತೂತಿನ ಗೋಡೆಗೆ ತಾಗಿ ಮೆತ್ತಿಕೊಂಡಿದೆ ಎಂದು ಅರ್ಥ. ಒರೆಸಿ ಇನ್ನೊಮ್ಮೆ ನೋಡಿ.

ಕಿಟಕಿ ಸುಲಭ. ಬಿಚ್ಚುವುದು, ಒರೆಸುವುದು ಏನೂ ಇಲ್ಲ. ಬಗ್ಗಿ ನೋಡಿದರೆ ಆಯಿತು. ಆದರೆ ಕಿಟಕಿಗೂ ಎರಡು ಮೋಸಗಳಿವೆ. ಒಂದು, ಹಳೆಯ ಗಾಡಿಯಲ್ಲಿ ಗಾಜಿನ ಒಳಗಡೆ ಕಂದು ಕಲೆ ಕಟ್ಟಿರುತ್ತದೆ. ಆಯಿಲ್ ಇಲ್ಲದಿದ್ದರೂ ಇದ್ದಂತೆ ಕಾಣುತ್ತದೆ. ಎರಡನೆಯದು ಇನ್ನೂ ಅಪಾಯದ್ದು: ಪೂರ್ತಿ ತುಂಬಿದ ಕಿಟಕಿಯಲ್ಲೂ ಗೆರೆ ಕಾಣುವುದಿಲ್ಲ, ಪೂರ್ತಿ ಖಾಲಿ ಕಿಟಕಿಯಲ್ಲೂ ಕಾಣುವುದಿಲ್ಲ. ಎರಡೂ ಒಂದೇ ಥರ. ಆಗ ಗಾಡಿಯನ್ನು ನಿಧಾನ ಎಡಕ್ಕೆ ವಾಲಿಸಿ. ಬಲಗಡೆಯ ಕಿಟಕಿಯಲ್ಲಿ ಮೇಲಿನಿಂದ ಗೆರೆ ಇಳಿದು ಬಂದರೆ ಆಯಿಲ್ ಜಾಸ್ತಿ ಇತ್ತು. ಬಲಕ್ಕೆ ವಾಲಿಸಿದಾಗ ಕೆಳಗಿನಿಂದ ಗೆರೆ ಹತ್ತಿ ಬಂದರೆ ಕಡಿಮೆ ಇತ್ತು. ಬಲಕ್ಕೆ ಚೆನ್ನಾಗಿ ವಾಲಿಸಿದರೂ ಏನೂ ಬರಲಿಲ್ಲ ಅಂದರೆ ಸ್ಟಾರ್ಟ್ ಮಾಡಲೇಬೇಡಿ.

ಸೈಡ್ ಸ್ಟ್ಯಾಂಡ್ ಮೇಲೆ ನೋಡುವುದು ಎರಡಕ್ಕೂ ತಪ್ಪು. ಗಾಡಿ ಎಡಕ್ಕೆ ವಾಲಿರುತ್ತದೆ, ಕಿಟಕಿಯೂ ಕಡ್ಡಿಯೂ ಸಾಮಾನ್ಯವಾಗಿ ಬಲಗಡೆ. ಆಯಿಲ್ ಇದ್ದರೂ ಇಲ್ಲದಂತೆ ಕಾಣುತ್ತದೆ. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಪಕ್ಕಕ್ಕೆ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಬಗ್ಗಿ ನೋಡಿ, "ಅಯ್ಯೋ ಆಯಿಲ್ಲೇ ಇಲ್ಲ" ಎಂದು ಅಲ್ಲೇ ಅರ್ಧ ಲೀಟರ್ ಸುರಿಯುವವರಿದ್ದಾರೆ. ಮೇನ್ ಸ್ಟ್ಯಾಂಡ್ ಇಲ್ಲದ ಡ್ಯೂಕ್‌ನಂಥ ಗಾಡಿಗಳಲ್ಲಿ ಒಬ್ಬರು ಹತ್ತಿ ಕೂತು ನೇರ ಹಿಡಿದು, ಇನ್ನೊಬ್ಬರು ನೋಡಬೇಕು. ಒಬ್ಬರೇ ಇದ್ದರೆ ಫೋನಿನಲ್ಲಿ ವಿಡಿಯೋ ಆನ್ ಮಾಡಿ ಕಿಟಕಿಯ ಎದುರು ನೆಲದಲ್ಲಿ ಒರಗಿಸಿಡಿ. ಗಾಡಿ ನೇರ ಮಾಡಿ ಸ್ವಲ್ಪ ಹೊತ್ತು ಅಲ್ಲಾಡದೆ ಹಿಡಿಯಿರಿ. ಆಮೇಲೆ ವಿಡಿಯೋ ನೋಡಿದರೆ ಗೆರೆ ಸ್ಪಷ್ಟ ಕಾಣುತ್ತದೆ.

ಎರಡರಲ್ಲಿ ಯಾವುದು ಮೇಲು ಅಂತ ಕೇಳಿದರೆ, ಪದೇ ಪದೇ ನೋಡಲು ಕಿಟಕಿ, ಆಯಿಲ್‌ನ ಆರೋಗ್ಯ ತಿಳಿಯಲು ಕಡ್ಡಿ. ಕಡ್ಡಿಯ ತುದಿಯ ಹನಿಯನ್ನು ಮೂಗಿಗೆ ಹಿಡಿಯಬಹುದು, ಬೆರಳಲ್ಲಿ ತಿಕ್ಕಿ ನೋಡಬಹುದು. ಗಾಜಿನಾಚೆಯಿಂದ ಅದೆಲ್ಲ ಆಗುವುದಿಲ್ಲ. ಕಿಟಕಿ ಇರುವ ಗಾಡಿಯವರು ವಾರಕ್ಕೊಮ್ಮೆ ಕಿಟಕಿ ನೋಡಿ, ತಿಂಗಳಿಗೊಮ್ಮೆ ಮುಚ್ಚಳ ಬಿಚ್ಚಿ ವಾಸನೆಯನ್ನೂ ನೋಡಿದರೆ ಚೆನ್ನ. ಕಡ್ಡಿಯವರು ಎರಡು ವಾರಕ್ಕೊಮ್ಮೆ ನೋಡಿದರೆ ಸಾಕು. ದೂರ ಪ್ರಯಾಣದ ಹಿಂದಿನ ದಿನ ಮಾತ್ರ ಇಬ್ಬರೂ ನೋಡಲೇಬೇಕು.

ಬೆಳಿಗ್ಗೆ ತಣ್ಣಗಿರುವಾಗಲೇ ನೋಡಬಹುದಾ? ಪುಸ್ತಕದಲ್ಲಿ ಬಿಸಿ ಮಾಡಿ ನೋಡಿ ಎಂದಿದ್ದರೆ ಹಾಗೇ ಮಾಡಿ. ಹಳೆಯ ಕಾಸ್ಟ್ ಐರನ್ ಬುಲೆಟ್ ಇಟ್ಟುಕೊಂಡವರಿಗಂತೂ ಇದು ಬಹಳ ಮುಖ್ಯ. ಅದರಲ್ಲಿ ಆಯಿಲ್ ಇರುವುದು ಇಂಜಿನ್ ಒಳಗಿನ ಪ್ರತ್ಯೇಕ ಟ್ಯಾಂಕಿನಲ್ಲಿ. ಗಾಡಿ ಕೆಲವು ದಿನ ನಿಂತರೆ ಆಯಿಲ್ ಮೆಲ್ಲಗೆ ಕ್ರ್ಯಾಂಕ್ ಕಡೆಗೆ ಇಳಿದುಬಿಡುತ್ತದೆ. ಬೆಳಿಗ್ಗೆ ಕಡ್ಡಿ ಅದ್ದಿದರೆ ಖಾಲಿ ತೋರಿಸುತ್ತದೆ. ಅದನ್ನು ನಂಬಿ ಮೇಲೆ ಸುರಿದರೆ, ಸ್ಟಾರ್ಟ್ ಆದ ಮೇಲೆ ಹೆಚ್ಚಾಗಿದ್ದು, ಇಂಜಿನ್ ಒಳಗಿನ ಒತ್ತಡ ಹೊರಬಿಡುವ ಬ್ರೀದರ್ ಪೈಪಿನಿಂದ ಹೊರಗೆ ಉಗಿಯುತ್ತದೆ. ಬುಲೆಟ್ ಆಯಿಲ್ ಸೋರುತ್ತದೆ ಅನ್ನುವ ದೂರಿನಲ್ಲಿ ಒಂದು ಪಾಲು ಹೀಗೆ ಹುಟ್ಟಿದ್ದು. ಅಂದ ಹಾಗೆ, ಆ ಬುಲೆಟ್‌ನಲ್ಲಿ ಗೇರ್‌ಬಾಕ್ಸ್ ಬೇರೆ, ಕ್ಲಚ್ ಇರುವ ಪ್ರೈಮರಿ ಚೈನ್‌ಕೇಸ್ ಬೇರೆ. ಅವುಗಳ ಮಟ್ಟವನ್ನೂ ಬೇರೆ ಬೇರೆಯಾಗಿ ನೋಡಬೇಕು.

ಕಡಿಮೆ ಕೆಟ್ಟದ್ದೋ, ಜಾಸ್ತಿ ಕೆಟ್ಟದ್ದೋ

ಎರಡೂ ಕೆಟ್ಟದ್ದು. ಆದರೆ ಕಡಿಮೆಯೇ ಹೆಚ್ಚು ಕೆಟ್ಟದ್ದು. ಮಟ್ಟ ಇಳಿದಾಗ ಉಳಿದ ಆಯಿಲ್ ಜಾಸ್ತಿ ಸಲ ಸುತ್ತಬೇಕು, ಜಾಸ್ತಿ ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಘಾಟ್ ಹತ್ತುವಾಗ, ತಿರುವಿನಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ ಆಯಿಲ್ ಒಂದು ಕಡೆ ಸರಿದು ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ಆ ಹೊತ್ತಿನಲ್ಲಿ ಮೊದಲು ಬಳಲುವುದು ಎಲ್ಲಕ್ಕಿಂತ ಮೇಲಿದ್ದು ವಾಲ್ವ್ ತೆರೆದು ಮುಚ್ಚುವ ಕ್ಯಾಮ್ ಮತ್ತು ರಾಕರ್. ಟಪೆಟ್ ಸೌಂಡ್ ಜಾಸ್ತಿಯಾಯಿತು ಎಂದು ಅಡ್ಜಸ್ಟ್ ಮಾಡಿಸಲು ಹೋಗುವ ಮೊದಲು ಆಯಿಲ್ ನೋಡಿ.

ಜಾಸ್ತಿ ಹಾಕಿದರೆ ತಿರುಗುವ ಭಾಗಗಳು ಆಯಿಲ್ ಅನ್ನು ಕಡೆದು ನೊರೆ ಮಾಡುತ್ತವೆ. ನೊರೆ ತುಂಬಿದ ಆಯಿಲ್ ಸರಿಯಾಗಿ ಪದರ ಕಟ್ಟುವುದಿಲ್ಲ. ಒಳಗಿನ ಒತ್ತಡ ಏರಿ ಸೀಲ್‌ಗಳಲ್ಲಿ ಸೋರಿಕೆ ಶುರುವಾಗುತ್ತದೆ. ಬ್ರೀದರ್ ಪೈಪ್ ಮೂಲಕ ಆಯಿಲ್ ಏರ್ ಫಿಲ್ಟರ್‌ಗೆ ಹೋಗಿ ಫಿಲ್ಟರ್ ಒದ್ದೆಯಾಗುತ್ತದೆ. ಗಾಡಿ ಎಳೆಯಲ್ಲ, ಮೈಲೇಜ್ ಇಳಿಯಿತು ಅನ್ನಿಸುತ್ತದೆ. ಸರ್ವಿಸ್ ಮಾಡಿಸಿದ ಮರುದಿನವೇ ಗಾಡಿ ಭಾರವಾದಂತೆ ಅನ್ನಿಸಿದರೆ ಇದನ್ನೂ ನೋಡಿ.

ಹೀಗೆ ಜಾಸ್ತಿಯಾಗಲು ಒಂದು ಮುಖ್ಯ ಕಾರಣ ಪುಸ್ತಕದಲ್ಲಿರುವ ಅಂಕಿಗಳು. ಸಾಮಾನ್ಯವಾಗಿ ಅಲ್ಲಿ ಒಂದಕ್ಕಿಂತ ಹೆಚ್ಚು ಅಳತೆ ಕೊಟ್ಟಿರುತ್ತಾರೆ. ಬರೀ ಆಯಿಲ್ ಬದಲಿಸಿದರೆ ಇಷ್ಟು, ಫಿಲ್ಟರ್ ಸಮೇತ ಬದಲಿಸಿದರೆ ಇಷ್ಟು, ಇಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದರೆ ಇಷ್ಟು. ಡ್ರೈನ್ ಮಾಡಿದರೂ ಒಳಗೆ ಮೂಲೆಗಳಲ್ಲಿ ಸ್ವಲ್ಪ ಹಳೆಯದು ಉಳಿಯುತ್ತದೆ, ಅದಕ್ಕೇ ಈ ವ್ಯತ್ಯಾಸ. ದೊಡ್ಡ ಅಂಕಿ ನೋಡಿ ಸುರಿದರೆ ಖಂಡಿತ ಜಾಸ್ತಿಯಾಗುತ್ತದೆ. ಬಾಟಲಿಯಲ್ಲಿ ಒಂದು ಲೀಟರ್ ಇದೆ ಎಂದ ಮಾತ್ರಕ್ಕೆ ಪೂರ್ತಿ ಹಾಕಬೇಕಿಲ್ಲ. ಎರಡು ಗೆರೆಗಳ ನಡುವೆ, ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಂತರೆ ಸರಿ. ಮೇಲಿನ ಗೆರೆ ಮುಟ್ಟಲೇಬೇಕು ಅಂತೇನಿಲ್ಲ.

ಟಾಪ್‌ಅಪ್ಪೋ, ಚೇಂಜೋ

ಮಟ್ಟ ಇಳಿದಿದೆ. ಈಗ ಸ್ವಲ್ಪ ಸೇರಿಸಿದರೆ ಸಾಕೋ, ಪೂರ್ತಿ ಬದಲಿಸಬೇಕೋ? ಕೊನೆಯ ಚೇಂಜ್ ಆಗಿ ಎಷ್ಟು ಕಿ.ಮೀ. ಆಯಿತು ಅನ್ನುವುದರ ಮೇಲೆ ತೀರ್ಮಾನ. ಚೇಂಜ್ ಅವಧಿಯ ಮೂರರಲ್ಲಿ ಎರಡು ಭಾಗ ಮುಗಿದಿದ್ದರೆ ಬದಲಿಸಿಬಿಡಿ. ಹೇಗೂ ಇನ್ನು ಕೆಲವೇ ದಿನ. ಈಗಷ್ಟೇ ಬದಲಿಸಿದ್ದು, ಮಟ್ಟ ಮಾತ್ರ ಇಳಿದಿದೆ ಅಂದರೆ ಟಾಪ್‌ಅಪ್ ಸಾಕು. ಒಮ್ಮೆಗೆ 50–100 ಮಿ.ಲೀ. ಹಾಕಿ, ಒಂದು ನಿಮಿಷ ಇಂಜಿನ್ ಓಡಿಸಿ, ಕಾದು, ಮತ್ತೆ ನೋಡಿ. ಸೇರಿಸುವುದು ಸುಲಭ. ಜಾಸ್ತಿಯಾದದ್ದನ್ನು ತೆಗೆಯುವುದು ತಲೆನೋವು.

ಕಪ್ಪಾಗಿದೆ ಎಂಬ ಒಂದೇ ಕಾರಣಕ್ಕೆ ಬದಲಿಸಬೇಕಿಲ್ಲ. ಆಯಿಲ್‌ನಲ್ಲಿ ಮಸಿಯನ್ನು ಹಿಡಿದಿಟ್ಟುಕೊಳ್ಳುವ ರಾಸಾಯನಿಕಗಳು ಇರುತ್ತವೆ. ಕಪ್ಪಾಯಿತು ಅಂದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಹೆದರಬೇಕಾದ ಬಣ್ಣ ಬೇರೆ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮಲೆನಾಡಿನ ಮಳೆಗಾಲದಲ್ಲಿ ದಿನಾ ಒಂದೆರಡು ಕಿ.ಮೀ. ಮಾತ್ರ ಓಡುವ ಗಾಡಿಗಳಲ್ಲಿ ಇದು ಕಾಣುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುವುದರಿಂದ ಒಳಗಿನ ತೇವ ಆವಿಯಾಗಿ ಹೊರಗೆ ಹೋಗುವುದಿಲ್ಲ. ಮುಚ್ಚಳದ ಒಳಗಡೆ ಮಾತ್ರ ಸ್ವಲ್ಪ ಬಿಳಿ ಕೆನೆ ಇದ್ದರೆ ಅರ್ಧ ಗಂಟೆ ಚೆನ್ನಾಗಿ ಓಡಿಸಿ ಮತ್ತೆ ನೋಡಿ. ಪೂರ್ತಿ ಆಯಿಲ್ಲೇ ಹಾಗಾಗಿದ್ದರೆ ಬದಲಿಸಲೇಬೇಕು. ಕೂಲೆಂಟ್ ಇರುವ ಗಾಡಿಯಾದರೆ ಗ್ಯಾಸ್ಕೆಟ್ ಅಥವಾ ವಾಟರ್ ಪಂಪ್ ಸೀಲ್ ಹೋಗಿರಬಹುದು, ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ. ಆಯಿಲ್‌ನಿಂದ ಪೆಟ್ರೋಲ್ ವಾಸನೆ ಬಂದರೂ, ಮಟ್ಟ ತಾನಾಗಿಯೇ ಏರಿದ್ದರೂ ಬದಲಿಸಿ. ಕಾರ್ಬೊರೇಟರ್ ಗಾಡಿಗಳಲ್ಲಿ ಪೆಟ್ರೋಲ್ ಒಳಗೆ ಇಳಿಯುತ್ತಿರಬಹುದು, ಅದನ್ನೂ ಸರಿಮಾಡಿಸಬೇಕು. ಬೆರಳಿಗೆ ಮಿನುಗುವ ಲೋಹದ ಪುಡಿ ಸಿಕ್ಕರೆ ಟಾಪ್‌ಅಪ್‌ನ ಮಾತೇ ಇಲ್ಲ.

ಟಾಪ್‌ಅಪ್ ಮಾಡಿದಾಗಲೆಲ್ಲ ಕಿ.ಮೀ. ಬರೆದಿಡಿ. ಫೋನಿನಲ್ಲೇ ಸಾಕು. ಕೆಲವು ಹೊಸ ಗಾಡಿಗಳಲ್ಲಿ ಆಯಿಲ್ ಚೇಂಜ್ 10,000 ಕಿ.ಮೀ.ಗೆ ಒಮ್ಮೆ ಅಂತ ಇರುತ್ತದೆ. ಗಾಡಿ ಸಾವಿರ ಕಿ.ಮೀ.ಗೆ ಬರೀ 50 ಮಿ.ಲೀ. ಕುಡಿಯುತ್ತದೆ ಎಂದುಕೊಳ್ಳಿ. 10,000 ಆಗುವಷ್ಟರಲ್ಲಿ ಅರ್ಧ ಲೀಟರ್ ಹೋಯಿತು! ಚೇಂಜ್ ಅವಧಿ ಉದ್ದವಾದಷ್ಟೂ ನಡುವೆ ಮಟ್ಟ ನೋಡುವುದು ಹೆಚ್ಚು ಮುಖ್ಯ. ಅವಧಿ ಉದ್ದ ಅಂದರೆ ಮರೆತುಬಿಡಬಹುದು ಎಂದು ಓದಿಕೊಂಡವರೇ ಕಷ್ಟಕ್ಕೆ ಸಿಕ್ಕಿಕೊಳ್ಳುವುದು.

ಎಲ್ಲಿ ಹೋಗುತ್ತಿದೆ ಎಂದೂ ಹುಡುಕಿ. ಎಕ್ಸಲರೇಟರ್ ಕೊಟ್ಟಾಗ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಬುಸ್ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್. ಹೊಗೆ ಇಲ್ಲ, ನೆಲದಲ್ಲಿ ಕಲೆ ಇದೆ ಅಂದರೆ ಡ್ರೈನ್ ಬೋಲ್ಟಿನ ವಾಷರ್, ಗ್ಯಾಸ್ಕೆಟ್, ಮುಂದಿನ ಚೈನ್ ಸ್ಪ್ರಾಕೆಟ್ ಹಿಂದಿನ ಸೀಲ್ ನೋಡಿ.

ಮಿನರಲ್, ಸೆಮಿ, ಫುಲ್ ಸಿಂಥೆಟಿಕ್

ಈಗ ಎಲ್ಲರಿಗೂ ಇಷ್ಟದ ಪ್ರಶ್ನೆ. ಅದಕ್ಕೆ ಬರುವ ಮೊದಲು ಬಾಟಲಿಯ ಹಿಂಬದಿ ಓದಿ. ಅಲ್ಲಿ ಮೂರು ವಿಷಯ ಇರುತ್ತವೆ. ನನ್ನ ಲೆಕ್ಕದಲ್ಲಿ ಜಾಸೋ ಮೊದಲು, ಆಯಿಲ್ ಎಷ್ಟು ದಪ್ಪ ಎಂದು ಹೇಳುವ ಗ್ರೇಡ್ ಎರಡನೆಯದು, ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ಗುರುತಾದ ಎಪಿಐ ಮೂರನೆಯದು. ಮಿನರಲ್ಲೋ ಸಿಂಥೆಟಿಕ್ಕೋ ಅನ್ನುವುದು ಅದೆಲ್ಲ ಆದ ಮೇಲೆ.

ಜಾಸೋ ಅನ್ನುವುದು ಜಪಾನಿನ ವಾಹನ ಮಾನದಂಡ. ಕಾರಿನ ಆಯಿಲ್‌ಗಳಲ್ಲಿ ಮೈಲೇಜ್‌ಗಾಗಿ ಜಾರುವ ಗುಣ ಹೆಚ್ಚಿಸುವ ರಾಸಾಯನಿಕ ಸೇರಿಸಲು ಶುರುವಾದಾಗ ಬೈಕಿನ ಕ್ಲಚ್‌ಗಳಿಗೆ ತೊಂದರೆ ಬಂತು. ಬೈಕಿನ ಕ್ಲಚ್ ಪ್ಲೇಟ್‌ಗಳು ಇಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ ನೋಡಿ, ಅವು ಜಾರಬಾರದು. ಅದಕ್ಕೇ 1998ರಲ್ಲಿ ಬೈಕಿಗೆಂದೇ ಈ ಮಾನದಂಡ ಬಂತು. ಎಂಎ ಅಂದರೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್ ಇರುವ ಗಾಡಿಗೆ. ಎಂಬಿ ಅಂದರೆ ಆಕ್ಟಿವಾದಂಥ ಗೇರ್ ಇಲ್ಲದ ಸ್ಕೂಟರ್‌ಗಳಿಗೆ, ಅವುಗಳ ಕ್ಲಚ್ ಹೊರಗೆ ಒಣಗಿರುತ್ತದೆ. 2006ರಲ್ಲಿ ಎಂಎಯನ್ನು ಎಂಎ1, ಎಂಎ2 ಎಂದು ವಿಂಗಡಿಸಿದರು. ಎಂಎ2ನಲ್ಲಿ ಕ್ಲಚ್‌ಗೆ ಹಿಡಿತ ಇನ್ನೂ ಜಾಸ್ತಿ. ಮನೆಯಲ್ಲಿ ಬೈಕ್, ಸ್ಕೂಟರ್ ಎರಡೂ ಇದ್ದರೆ ಬಾಟಲಿ ಅದಲುಬದಲಾಗದಂತೆ ನೋಡಿಕೊಳ್ಳಿ. ಬೈಕಿನ ಆಯಿಲ್ ಸ್ಕೂಟರ್‌ಗೆ ಹೋದರೆ ಅಷ್ಟೇನೂ ತೊಂದರೆಯಿಲ್ಲ. ಸ್ಕೂಟರಿನ ಎಂಬಿ ಬೈಕಿಗೆ ಹೋದರೆ ಕ್ಲಚ್ ಜಾರಬಹುದು.

ಗ್ರೇಡ್ ವಿಷಯದಲ್ಲಿ ಕಂಪನಿ ಹೇಳಿದ್ದೇ ಕೊನೆಯ ಮಾತು. ಸ್ಪ್ಲೆಂಡರ್‌ಗೆ 10ಡಬ್ಲ್ಯೂ-30, ಪಲ್ಸರ್ 150ಗೆ 20ಡಬ್ಲ್ಯೂ-50, ಕ್ಲಾಸಿಕ್ 350ಗೆ 15ಡಬ್ಲ್ಯೂ-50. ಡಬ್ಲ್ಯೂಗಿಂತ ಮೊದಲು ಬರುವ ಅಂಕಿ ಚಳಿಯಲ್ಲಿ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ಹೇಳುತ್ತದೆ. ಡಬ್ಲ್ಯೂ ಆದ ಮೇಲೆ ಬರುವುದು ಇಂಜಿನ್ ಬಿಸಿಯಾದಾಗಿನ ದಪ್ಪ, ಅದನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುತ್ತಾರೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ ದಪ್ಪ ಆಯಿಲ್ಲೇ ಬೇಕು ಎಂದು ಎಲ್ಲ ಗಾಡಿಗೂ 20ಡಬ್ಲ್ಯೂ-50 ಸುರಿಯುವ ರೂಢಿ ಇದೆ. 10ಡಬ್ಲ್ಯೂ-30ಗೆಂದು ಮಾಡಿದ ಇಂಜಿನ್‌ನಲ್ಲಿ ಸಂದುಗಳು ಅದಕ್ಕೆ ತಕ್ಕಂತೆ ಸಣ್ಣಗಿರುತ್ತವೆ. ದಪ್ಪ ಆಯಿಲ್ ಬೆಳಿಗ್ಗೆ ಕ್ಯಾಮ್‌ವರೆಗೆ ತಲುಪುವುದು ನಿಧಾನ, ಮೈಲೇಜೂ ಸ್ವಲ್ಪ ಇಳಿಯುತ್ತದೆ. ಹಳೆಯ ಗಾಡಿ ಆಯಿಲ್ ಕುಡಿಯುತ್ತಿದ್ದರೆ ದಪ್ಪ ಆಯಿಲ್‌ನಿಂದ ಕೆಲವು ತಿಂಗಳು ತಳ್ಳಬಹುದು. ಆದರೆ ಸವೆದ ರಿಂಗ್‌ಗೆ ಅದು ಔಷಧಿಯಲ್ಲ.

ಎಪಿಐ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪುಸ್ತಕದಲ್ಲಿ ಎಸ್‌ಎಲ್ ಎಂದಿದ್ದರೆ ಅದರ ನಂತರದ ಎಸ್‌ಎಂ, ಎಸ್‌ಎನ್ ಯಾವುದಾದರೂ ನಡೆಯುತ್ತದೆ, ಜಾಸೋ ಗುರುತು ಇದ್ದರೆ ಸರಿ.

ಇನ್ನು ಮಿನರಲ್ ಮತ್ತು ಸಿಂಥೆಟಿಕ್. ಸಿಂಥೆಟಿಕ್ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಬೇಗ ತೆಳುವಾಗುವುದಿಲ್ಲ, ಕಡಿಮೆ ಆವಿಯಾಗುತ್ತದೆ. ಇದೆಲ್ಲ ನಿಜ. ಬೆಲೆ ಮಿನರಲ್‌ನ ಸುಮಾರು ಎರಡು ಪಟ್ಟು ಅಥವಾ ಇನ್ನೂ ಜಾಸ್ತಿ. ಸೆಮಿ ಅನ್ನುವುದು ಎರಡರ ಮಿಶ್ರಣ. ಎಷ್ಟು ಪಾಲು ಯಾವುದು ಎಂದು ಬಾಟಲಿ ಸಾಮಾನ್ಯವಾಗಿ ಹೇಳುವುದಿಲ್ಲ. ಫುಲ್ ಸಿಂಥೆಟಿಕ್ ಎಂದು ಮಾರುವ ಎಷ್ಟೋ ಆಯಿಲ್‌ಗಳು ಕಚ್ಚಾ ತೈಲವನ್ನೇ ಬಹಳ ಶುದ್ಧ ಮಾಡಿ ತಯಾರಾದವು. ಅದರಲ್ಲಿ ಮೋಸವೇನಿಲ್ಲ, ಕೆಲಸ ಚೆನ್ನಾಗಿಯೇ ಮಾಡುತ್ತವೆ.

ದಿನಾ ಆಫೀಸಿಗೆ, ತೋಟಕ್ಕೆ ಹೋಗಿ ಬರುವ 100–125 ಸಿಸಿ ಗಾಡಿಗೆ ನಾನು ಮಿನರಲ್ ಅನ್ನೇ ಹೇಳುತ್ತೇನೆ. ಸ್ಪ್ಲೆಂಡರ್‌ನ ಇಂಜಿನ್‌ನಲ್ಲಿ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಜಾಲರಿ ಇದೆ, ತಿರುಗುವ ರಭಸಕ್ಕೆ ಕೊಳೆಯನ್ನು ಅಂಚಿಗೆ ತಳ್ಳಿ ಹಿಡಿಯುವ ಸೆಂಟ್ರಿಫ್ಯೂಗಲ್ ಫಿಲ್ಟರ್ ಇದೆ. ಸಣ್ಣ ಕೊಳೆ ಆಯಿಲ್‌ನಲ್ಲೇ ಸುತ್ತುತ್ತಿರುತ್ತದೆ. ಇಂಥ ಇಂಜಿನ್‌ಗೆ ದುಬಾರಿ ಆಯಿಲ್ ಹಾಕಿ ಉದ್ದಕ್ಕೆ ಓಡಿಸುವುದಕ್ಕಿಂತ, ಅಗ್ಗದ ಒಳ್ಳೆಯ ಆಯಿಲ್ ಅನ್ನು ಬೇಗ ಬೇಗ ಬದಲಿಸುವುದು ಲಾಭ.

ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುವ ಹುಡುಗರ ಲೆಕ್ಕ ಬೇರೆ. ದಿನಕ್ಕೆ 100 ಕಿ.ಮೀ. ಓಡಿದರೆ 3,000 ಕಿ.ಮೀ. ಅಂದರೆ ಒಂದೇ ತಿಂಗಳು. ಜೊತೆಗೆ ಸಿಲ್ಕ್ ಬೋರ್ಡ್‌ನಂಥ ಕಡೆ ನಿಂತಲ್ಲೇ ಇಂಜಿನ್ ಓಡುತ್ತಿರುತ್ತದೆ. ಗಾಳಿ ಬೀಸುವುದಿಲ್ಲ, ಬಿಸಿ ಏರುತ್ತದೆ, ಮೀಟರ್‌ನಲ್ಲಿ ಮಾತ್ರ ಕಿ.ಮೀ. ಏರುವುದಿಲ್ಲ. ಇವರಿಗೆ ಸೆಮಿ ಸಿಂಥೆಟಿಕ್ ಹಾಕಿಸಿದರೆ ದುಡ್ಡಿಗೆ ಮೋಸವಿಲ್ಲ. ಅದಕ್ಕೂ ಕೈಗೆ ಎಟುಕದಿದ್ದರೆ ಮಿನರಲ್ಲೇ ಇರಲಿ, ಸಮಯಕ್ಕೆ ಸರಿಯಾಗಿ ಬದಲಿಸಿ. ಮಟ್ಟ ವಾರಕ್ಕೊಮ್ಮೆ ನೋಡಲೇಬೇಕು. ಈ ಗಾಡಿಯೇ ಅವರ ಅನ್ನ.

ಡ್ಯೂಕ್ 390 ಥರದ ಬಿಸಿ ಇಂಜಿನ್‌ಗಳಿಗೆ, ಚಾರ್ಮಾಡಿ, ಆಗುಂಬೆ ಎಂದು ಸಾಮಾನು ಹೇರಿಕೊಂಡು ಸುತ್ತುವವರಿಗೆ ಫುಲ್ ಸಿಂಥೆಟಿಕ್ ಸರಿ. ಕಂಪನಿಯೇ ಸಿಂಥೆಟಿಕ್ ಎಂದು ಹೇಳಿದ ಗಾಡಿಗೆ ಉಳಿತಾಯ ನೋಡಿ ಮಿನರಲ್ ಹಾಕಬೇಡಿ.

ದುಬೈನಲ್ಲೋ ಅಮೆರಿಕದಲ್ಲೋ ಇದ್ದು, ಊರಿನ ಮನೆಯಲ್ಲಿ ಬೈಕ್ ನಿಲ್ಲಿಸಿ ಹೋದವರಿಗೆ ಒಂದು ಮಾತು. ಓಡದಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು, ಅದಕ್ಕೆ ಸಿಂಥೆಟಿಕ್ ದಂಡ. "ದಿನಾ ಎರಡು ನಿಮಿಷ ಸ್ಟಾರ್ಟ್ ಮಾಡಿಡಪ್ಪಾ" ಎಂದು ತಮ್ಮನಿಗೆ ಹೇಳಿ ಹೋಗುವುದು ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಮಾಡುತ್ತದೆ. ತೇವ ಸೇರುತ್ತದೆ, ಹೋಗುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸು ಎನ್ನಿ.

ಮೈಸೂರಿನ ಐಡಿಯಲ್ ಜಾವಾದಲ್ಲಿ ತಯಾರಾದ ಹಳೆಯ ಯೆಜ್ಡಿ, ಅಥವಾ ಆರ್‌ಎಕ್ಸ್ 100 ಇದ್ದರೆ ಮೇಲಿನ ಕಥೆ ಅನ್ವಯಿಸುವುದಿಲ್ಲ. ಟೂ ಸ್ಟ್ರೋಕ್ ಗಾಡಿಗಳಲ್ಲಿ 2ಟಿ ಆಯಿಲ್ ಪೆಟ್ರೋಲ್ ಜೊತೆಗೇ ಉರಿದುಹೋಗುತ್ತದೆ. ಗೇರ್‌ಬಾಕ್ಸಿನ ಆಯಿಲ್ ಮಾತ್ರ ಒಳಗೆ ಉಳಿಯುತ್ತದೆ. ಅದನ್ನು ನೋಡುವುದನ್ನೇ ಜನ ಮರೆಯುತ್ತಾರೆ.

ಯಾರ ಕೈಯಲ್ಲಿ ಮಾಡಿಸುವುದು

ವಾರಂಟಿ ಇರುವವರೆಗೆ ಕಂಪನಿ ಸರ್ವಿಸ್ ಸೆಂಟರ್. ಬಿಲ್ ಇಟ್ಟುಕೊಳ್ಳಿ. ಅಲ್ಲಿ ಎಷ್ಟೋ ಸಲ ಬ್ಯಾರೆಲ್‌ನಿಂದ ಆಯಿಲ್ ಹಾಕುತ್ತಾರೆ, ಬಾಟಲಿ ಕಾಣುವುದಿಲ್ಲ. ಹಾಗಾಗಿ ಗಾಡಿ ತೆಗೆದುಕೊಳ್ಳುವಾಗ ಅಲ್ಲೇ ಮೇನ್ ಸ್ಟ್ಯಾಂಡ್ ಹಾಕಿಸಿ ಮಟ್ಟ ನೋಡಿ. ಇದಕ್ಕೆ ಸಂಕೋಚ ಬೇಡ. "ಅಣ್ಣಾ, ಆಯಿಲ್ ಲೆವೆಲ್ ಒಮ್ಮೆ ತೋರಿಸಿ" ಅಂದರೆ ಯಾವ ಒಳ್ಳೆಯ ಮೆಕ್ಯಾನಿಕ್ಕೂ ಬೇಜಾರು ಮಾಡಿಕೊಳ್ಳುವುದಿಲ್ಲ.

ವಾರಂಟಿ ಮುಗಿದ ಮೇಲೆ ನಂಬಿಕೆಯ ಬೀದಿ ಮೆಕ್ಯಾನಿಕ್ ಉತ್ತಮ ಆಯ್ಕೆ. ಆಯಿಲ್ ಮಾತ್ರ ನೀವೇ ಅಧಿಕೃತ ಅಂಗಡಿಯಿಂದ ತನ್ನಿ, ನಿಮ್ಮ ಎದುರಿಗೇ ಸೀಲ್ ಒಡೆಯಲಿ. ಲೂಸ್ ಆಯಿಲ್ ಬೇಡವೇ ಬೇಡ. ಖಾಲಿ ಬಾಟಲಿಯಲ್ಲಿ ಕಳಪೆ ಆಯಿಲ್ ತುಂಬಿ ಮತ್ತೆ ಮಾರುವ ದಂಧೆ ಇರುವುದರಿಂದ, ಬಾಟಲಿಗೆ ತೂತು ಮಾಡಿ ಬಿಟ್ಟು ಬನ್ನಿ. ಬಾಟಲಿಯಲ್ಲಿ 100 ಮಿ.ಲೀ. ಉಳಿದರೆ ಮನೆಗೆ ತನ್ನಿ, ಅದೇ ಮುಂದಿನ ಟಾಪ್‌ಅಪ್. ಆಗ ಬಾಟಲಿಯನ್ನೇ ಇಟ್ಟುಕೊಂಡಂತೆಯೂ ಆಯಿತು.

ಸ್ವತಃ ಬದಲಿಸುವುದೂ ಕಷ್ಟವಲ್ಲ. ಇಂಜಿನ್ ಬೆಚ್ಚಗಿರುವಾಗ ಡ್ರೈನ್ ಮಾಡಿದರೆ ಕೊಳೆ ಸಮೇತ ಇಳಿಯುತ್ತದೆ. ಎಚ್ಚರ ಬೇಕಾದದ್ದು ಡ್ರೈನ್ ಬೋಲ್ಟ್ ಹಾಕುವಾಗ. ಇಂಜಿನ್ ಕೇಸ್ ಅಲ್ಯೂಮಿನಿಯಂ. ಶಕ್ತಿ ಹಾಕಿ ಬಿಗಿದರೆ ಥ್ರೆಡ್ ಹೋಗುತ್ತದೆ, ಆಮೇಲೆ ಉಳಿಸಿದ ಕೂಲಿಯ ಹತ್ತರಷ್ಟು ಖರ್ಚು. ಮೊದಲು ಕೈಯಲ್ಲೇ ಕೂರಿಸಿ, ಹೊಸ ವಾಷರ್ ಹಾಕಿ, ಉದ್ದ ಸ್ಪ್ಯಾನರ್ ಬಳಸಬೇಡಿ. ಹಳೆಯ ಆಯಿಲ್ ಚರಂಡಿಗೆ, ತೋಟಕ್ಕೆ ಸುರಿಯಬೇಡಿ. ನಮ್ಮಲ್ಲಿ 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ. ಅವರ ಹತ್ತಿರ ಒಯ್ಯುವವರು ಬರುತ್ತಾರೆ.

ಬದಲಿಸುವುದು ಯಾರಾದರೂ ಮಾಡಲಿ. ನೋಡುವುದು ಮಾತ್ರ ಓಡಿಸುವವರದ್ದೇ ಕೆಲಸ. ಮೆಕ್ಯಾನಿಕ್ ನಿಮ್ಮ ಗಾಡಿಯನ್ನು ಮೂರು ತಿಂಗಳಿಗೊಮ್ಮೆ ನೋಡುತ್ತಾನೆ, ನೀವು ದಿನಾ.

ದಾರಿಯಲ್ಲಿ ಸರಿಯಾದ ಆಯಿಲ್ ಸಿಗದಿದ್ದರೆ

ಶಿರಾಡಿ ದಾಟಿ ಎಲ್ಲೋ ನಿಂತಿದ್ದೀರಿ, ಕಡ್ಡಿಯ ತುದಿಗೂ ಆಯಿಲ್ ತಾಗುತ್ತಿಲ್ಲ, ಹತ್ತಿರದ ಅಂಗಡಿಯಲ್ಲಿ ನಿಮ್ಮ ಗ್ರೇಡ್ ಇಲ್ಲ. ಆಗ ಏನು ಆರಿಸುವುದು? ಜಾಸೋ ಎಂಎ ಎಂದು ಬರೆದ ಯಾವುದೇ ಬೈಕ್ ಆಯಿಲ್ ಹಾಕಿ. 10ಡಬ್ಲ್ಯೂ-30 ಬದಲು 20ಡಬ್ಲ್ಯೂ-40 ಆದರೂ ಸರಿ, ಮಿನರಲ್ ಇದ್ದಲ್ಲಿ ಸಿಂಥೆಟಿಕ್ ಸೇರಿದರೂ ಸರಿ. ಎರಡೂ ಬೆರೆಯುತ್ತವೆ, ಒಡೆಯುವುದಿಲ್ಲ. ಅದೂ ಇಲ್ಲದಿದ್ದರೆ ಸ್ಕೂಟರ್ ಆಯಿಲ್, ಅದೂ ಇಲ್ಲದಿದ್ದರೆ ಕಾರಿನ ಆಯಿಲ್. ಈ ಕೊನೆಯ ಎರಡನ್ನು ಕೆಳಗಿನ ಗೆರೆ ಮುಟ್ಟುವಷ್ಟು ಮಾತ್ರ ಹಾಕಿ. ನಿಧಾನ ಓಡಿಸಿಕೊಂಡು ಬಂದು, ಊರು ತಲುಪಿದ ಮೇಲೆ ಪೂರ್ತಿ ಬದಲಿಸಿ. ಕ್ಲಚ್ ಸ್ವಲ್ಪ ಜಾರಿದರೆ ಪ್ಲೇಟ್ ಖರ್ಚು. ಆಯಿಲ್ ಇಲ್ಲದೆ ಓಡಿಸಿದರೆ ಪಿಸ್ಟನ್, ಬೋರ್, ಕ್ಯಾಮ್, ಎಲ್ಲವೂ.